ಹಿಂದಿನ ಸ್ಕ್ರೂ

ಏಳನೆಯ ಕಂತು

"ಆ ಬಂದೂಕನ್ನ ನನ್ನ ಮೇಜಿನ ಮೇಲೆ ಇಡಬಾರದು ಅಂತ ಹೇಳಿ ಅವರಿಗೆ," ಎಂದಳು ಅಕ್ಕ, ದಫೇದಾರರ ಮುಖ ನೋಡುತ್ತ.

ಇನ್ಸ್‌ಪೆಕ್ಟರ್ ಅದನ್ನು ಆಗಲೇ ಇಟ್ಟುಬಿಟ್ಟಿದ್ದಳು. ಉದ್ದನೆಯ ಕ್ಯಾನ್ವಾಸ್ ಚೀಲ, ಬಾಯಿಗೆ ಅರಗಿನ ಮುದ್ರೆ. ಅದರ ಭಾರಕ್ಕೆ ಮೇಜಿನ ಮೇಲಿದ್ದ ಡಬ್ಬಿಯಲ್ಲಿ ವಾಷರುಗಳು ಗಲಗಲ ಎಂದವು.

ದಫೇದಾರರು ರಿಪೇರಿ ಕೋಣೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ನಿವೃತ್ತಿಗೆ ಎಂಟು ತಿಂಗಳಿತ್ತು. ಆ ಎಂಟು ತಿಂಗಳು ನೆಮ್ಮದಿಯಾಗಿ ಕಳೆದರೆ ಸಾಕು ಎನ್ನುವ ಮುಖ.

"ಮೇಡಂ, ಮೇಸ್ತ್ರಿ ಅಕ್ಕ ಏನು ಹೇಳ್ತಿದ್ದಾರೆ ಅಂದ್ರೆ..."

"ಕೇಳಿಸ್ತು. ನಾನು ಎರಡಡಿ ದೂರದಲ್ಲಿದ್ದೀನಿ, ಕಿವಿ ಚೆನ್ನಾಗೇ ಇದೆ ಅಂತ ಹೇಳಿ."

"ನನ್ನನ್ನ ಯಾಕೆ ತಾಯಿ ಟಪಾಲಿನವನ ತರ ಓಡಾಡಿಸ್ತೀರಾ?" ಎಂದರು ದಫೇದಾರರು, ಇಬ್ಬರಲ್ಲಿ ಯಾರಿಗೆಂದು ಗೊತ್ತಾಗದ ಹಾಗೆ.

ಬಂದೂಕು ರಿಪೇರಿ ಮಾಡುವ ಅವಳನ್ನು ರೈಫಲ್ ಕ್ಲಬ್ಬಿನಲ್ಲಿ ಎಲ್ಲರೂ ಮೇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದ ಕಾರ್ಯದರ್ಶಿಗೂ ಅವಳು ಅಕ್ಕ, ಹುಲ್ಲು ಕತ್ತರಿಸಲು ಬರುವವರಿಗೂ ಅಕ್ಕ. ಒಂದೇ ತಾಯಿಯ ಹೊಟ್ಟೆಯಲ್ಲಿ ಅವಳ ಬೆನ್ನಿಗೆ ಹುಟ್ಟಿದ ಇನ್ಸ್‌ಪೆಕ್ಟರಿಗೆ ಮಾತ್ರ ಒಂಬತ್ತು ವರ್ಷದಿಂದ ಆ ಪದ ಗಂಟಲಲ್ಲೇ ಉಳಿದಿತ್ತು. ಕರೆದಿದ್ದರೂ ಓಗೊಡುವವರಿರಲಿಲ್ಲ.

ಆರು ದಿನದ ಹಿಂದೆ, ಬೆಳಿಗ್ಗೆ ಏಳೂಕಾಲಿಗೆ, ಅಕ್ಕನ ಮಗಳು ಪುಟ್ಟಿ ಈ ರೈಫಲ್ಲಿನಿಂದ ಮುನ್ನೂರು ಮೀಟರ್ ದೂರದ ಗುರಿಗೆ ಐದು ಗುಂಡು ಹೊಡೆದಿದ್ದಳು. ನಾಲ್ಕರ ತೂತು ಗುರಿಹಾಳೆಯಲ್ಲಿ ಸಿಕ್ಕಿತು. ಐದನೆಯದು ಗುರಿಯ ಬುಡದ ಕಂದಕದಿಂದ ಮೆಟ್ಟಿಲು ಹತ್ತಿ ಬರುತ್ತಿದ್ದ ಅವಳ ತಂದೆಗೆ ಬಿತ್ತು ಎಂದು ಎಲ್ಲರೂ ಹೇಳಿದರು. ಭುಜ ಸೀಳಿ ಹೊರಗೆ ಹೋದ ಗುಂಡು ಹಿಂದಿನ ಮಣ್ಣುದಿಬ್ಬದಲ್ಲಿ, ವರ್ಷಗಟ್ಟಲೆಯಿಂದ ಹೂತುಹೋದ ಸಾವಿರಾರು ಗುಂಡುಗಳ ನಡುವೆ ಸೇರಿಹೋಗಿತ್ತು. ಭಾವನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

ಬಂದೂಕು ಪರೀಕ್ಷಿಸಿದ ಪ್ರಯೋಗಾಲಯದವರು ಒಂದೇ ಸಾಲು ಬರೆದಿದ್ದರು: ಭುಜಕ್ಕೆ ಒತ್ತಿ ಹಿಡಿಯುವ ಮರದ ಸ್ಟಾಕಿಗೆ ಬಂದೂಕಿನ ಕಬ್ಬಿಣವನ್ನು ಹಿಡಿದಿಡುವ ಎರಡು ಸ್ಕ್ರೂಗಳಲ್ಲಿ ಹಿಂದಿನದು ಮೂರು ಸುತ್ತು ಸಡಿಲವಾಗಿತ್ತು. ಹಿಂದಿನ ಸಂಜೆ ಅದನ್ನು ಬಿಗಿ ಮಾಡಿದವಳು ಅಕ್ಕ. ಕೆಲಸದಲ್ಲಿ ಅಜಾಗರೂಕತೆ, ಗಂಡನ ಪ್ರಾಣಕ್ಕೇ ಕುತ್ತು. ಊರೆಲ್ಲ ಅದನ್ನೇ ಆಡಿಕೊಂಡಿತು. ಅಕ್ಕ ಒಂದು ಮಾತೂ ಎದುರಾಡಲಿಲ್ಲ.

ಇವತ್ತು ಮಧ್ಯಾಹ್ನ ಮೇಲಧಿಕಾರಿಗಳಿಗೆ ಸಂಬಂಧದ ವಿಷಯ ತಿಳಿದಿತ್ತು.

"ಅವರು ನಿಮ್ಮ ಅಕ್ಕ ಅಂತ ಮೊದಲೇ ಯಾಕೆ ಹೇಳಲಿಲ್ಲ?"

"ಅವರು ಒಪ್ಪಲ್ಲ ಸರ್," ಎಂದಿದ್ದಳು ಇನ್ಸ್‌ಪೆಕ್ಟರ್.

ಅವರು, ಐದು ಗಂಟೆಗೆ ಕಡತ ನನ್ನ ಮೇಜಿನ ಮೇಲಿರಬೇಕು ಎಂದಷ್ಟೇ ಹೇಳಿದ್ದರು. ಈಗ ಮೂರೂ ಇಪ್ಪತ್ತು.

ಅವಳು ಮುದ್ರೆ ಒಡೆದಳು. ದಫೇದಾರರು ಸಮಯ ಬರೆದುಕೊಂಡರು.

ಬಂದೂಕು ಹೊರಗೆ ಬಂದ ಕೂಡಲೇ ಕೋಣೆಯ ವಾಸನೆಯೇ ಬದಲಾಯಿತು. ಅಗಸೆ ಎಣ್ಣೆ ಕುಡಿದ ಹಳೆಯ ಮರದ ವಾಸನೆ. ಇದೇ ಕೆಲಸದಲ್ಲಿದ್ದ ಅಪ್ಪನ ಅಂಗಿಯಲ್ಲಿ ಇರುತ್ತಿದ್ದದ್ದು, ಆಮೇಲೆ ಅಕ್ಕನ ಬೆರಳುಗಳಿಗೆ ಬಂದದ್ದು. ಚಿಕ್ಕವಳಿದ್ದಾಗ ಅಕ್ಕ ಕೆಲಸದ ನಡುವೆ ಎದ್ದು ಬಂದು ಜಡೆ ಹಾಕುತ್ತಿದ್ದಳು. ಶಾಲೆಯಲ್ಲಿ ಪಕ್ಕದಲ್ಲಿ ಕೂರುವವರೆಲ್ಲ ನಿನ್ನ ಕೂದಲು ಕುರ್ಚಿಯ ವಾಸನೆ ಬರ್ತದೆ ಎಂದು ನಗುತ್ತಿದ್ದರು. ಒಂಬತ್ತು ವರ್ಷದಲ್ಲಿ ಇನ್ಸ್‌ಪೆಕ್ಟರ್ ಎರಡು ಬಾರಿ ಸುಮ್ಮಸುಮ್ಮನೆ ಪೀಠೋಪಕರಣದ ಅಂಗಡಿಗಳಿಗೆ ಹೋಗಿ ಬಂದಿದ್ದಳು. ಏನೂ ಕೊಂಡಿರಲಿಲ್ಲ.

"ಮೇಸ್ತ್ರಿಯವರೇ, ಆ ಸಂಜೆ ಸ್ಕ್ರೂಗಳನ್ನ ಹೇಗೆ ಬಿಗಿ ಮಾಡಿದ್ರೋ ಹಾಗೇ ಒಂದು ಸಲ ಮಾಡಿ ತೋರಿಸಿ."

"ತೋರಿಸಲ್ಲ ಅಂತ ಹೇಳಿ ಮೇಡಂಗೆ."

"ಯಾಕಂತೆ?"

"ನನ್ನ ಕೈಯಿಂದ ತಪ್ಪಾಯ್ತು ಅಂತ ಆಗಲೇ ಬರೆದುಕೊಟ್ಟಿದ್ದೀನಿ. ಸಹಿ ಹಾಕಿದ್ದೀನಿ. ಇನ್ನೇನು ಬೇಕಂತೆ ಅವರಿಗೆ?"

ಮೇಡಂ. ಆ ಪದವನ್ನು ಅಕ್ಕ ಒಂಬತ್ತು ವರ್ಷದ ಹಿಂದೆ ಇದೇ ಬಾಗಿಲಲ್ಲಿ ನಿಂತು ಮೊದಲ ಸಲ ಹೇಳಿದ್ದಳು. ಭಾವ ಆಗ ಕ್ಲಬ್ಬಿನ ತರಬೇತುದಾರ. ಹಳೆಯ ಬೇಟೆ ಬಂದೂಕೊಂದನ್ನು ಕಾಗದಪತ್ರವಿಲ್ಲದೆ ಗೆಳೆಯನಿಗೆ ಕೊಟ್ಟಿದ್ದ. ಅದು ಒಂದು ದರೋಡೆಯಲ್ಲಿ ಸಿಕ್ಕಿಬಿತ್ತು. ಆ ವರದಿ ಬರೆದವಳು ಹೊಸದಾಗಿ ಕೆಲಸಕ್ಕೆ ಸೇರಿದ್ದ ತಂಗಿ. ಭಾವ ಹನ್ನೊಂದು ತಿಂಗಳು ಜೈಲಿನಲ್ಲಿದ್ದು ಬಂದ. ತರಬೇತುದಾರನ ಕೆಲಸ ಹೋಗಿ, ಕಂದಕದಲ್ಲಿ ಕೂತು ಗುರಿಹಾಳೆ ಇಳಿಸಿ ಏರಿಸುವ ಕೆಲಸ ಸಿಕ್ಕಿತು. "ನಿಮ್ಮ ಕರ್ತವ್ಯ ನೀವು ಮಾಡಿದ್ರಿ ಮೇಡಂ," ಎಂದು ಅಕ್ಕ ಬಾಗಿಲು ಹಾಕಿಕೊಂಡಿದ್ದಳು. ಜೋರಾಗಿ ಹಾಕಿಕೊಂಡಿದ್ದರೂ ಆಗುತ್ತಿತ್ತು. ಮೆಲ್ಲಗೆ, ಚಿಲಕದ ಸದ್ದೂ ಆಗದ ಹಾಗೆ ಹಾಕಿಕೊಂಡಿದ್ದಳು.

ಇನ್ಸ್‌ಪೆಕ್ಟರ್ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿದಳು. ತೋಳು ಮಡಚಿದಳು.

"ಸರಿ. ನಾನೇ ಮಾಡ್ತೀನಿ. ದಫೇದಾರರೇ, ನೋಡಿ ಬರ್ಕೊಳ್ಳಿ."

ಬಂದೂಕನ್ನು ಮೇಜಿನ ಮೇಲೆ ಅಡ್ಡಡ್ಡ ಮಲಗಿಸಿ, ಹೊಟ್ಟೆ ಮೇಲಾಗಿ ತಿರುಗಿಸಿದಳು. ಗೋಡೆಯ ಮೊಳೆಗಳಿಗೆ ಸಾಲಾಗಿ ನೇತುಹಾಕಿದ್ದ ಸ್ಕ್ರೂಡ್ರೈವರುಗಳಲ್ಲಿ ಒಂದನ್ನು ಕೈಗೆ ಬಂದಂತೆ ಎಳೆದುಕೊಂಡಳು. ತುದಿ ಸಣ್ಣದು, ಸ್ಕ್ರೂ ತಲೆಯ ಸೀಳಿನಲ್ಲಿ ಆಚೆ ಈಚೆ ಅಲ್ಲಾಡಿತು.

ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆದರೆ ಕಿವಿ ಇತ್ತಲೇ ಇತ್ತು.

ಇನ್ಸ್‌ಪೆಕ್ಟರ್ ಮೊದಲು ಹಿಂದಿನ ಸ್ಕ್ರೂವಿಗೇ ಕೈಹಾಕಿದಳು. ಒಂದೇ ಏಟಿಗೆ, ಹಲ್ಲು ಕಚ್ಚಿ, ತಿರುಗಿಸತೊಡಗಿದಳು. ತುದಿ ಜಾರಿ ಸೀಳಿನ ಅಂಚು ಗೀಚಿತು, ಮರ ಕಿರ್ ಎಂದಿತು.

"ಏಯ್!"

ದಫೇದಾರರ ಕೈಯಿಂದ ಪೆನ್ನು ಜಾರಿತು.

"ಏಯ್, ಹಾಗಲ್ಲ ಕಣೇ! ಬಿಡೇ ಅದನ್ನ! ಮರ ಸೀಳಿಬಿಡ್ತೀಯ!" ಅಕ್ಕ ಎರಡು ಹೆಜ್ಜೆಯಲ್ಲಿ ಬಂದು ಸ್ಕ್ರೂಡ್ರೈವರ್ ಕಿತ್ತುಕೊಂಡಳು. "ಇಷ್ಟು ವರ್ಷ ಅಪ್ಪ ನಿನಗೆ ಹೇಳಿಕೊಟ್ಟಿದ್ದು ಇದೇನಾ? ಹಿಂದಿನದನ್ನ ಮೊದಲು ಮುಟ್ಟುತ್ತಾರಾ ಯಾರಾದರೂ? ಅದೂ ಮಲಗಿಸಿಕೊಂಡು? ಈ ಸೂಜಿಯಂಥ ತುದಿ ಹಾಕಿ?"

ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟಳು. ಕಣೇ. ಒಂಬತ್ತು ವರ್ಷದ ಮೇಲೆ, ಬೈಗುಳದ ಜೊತೆಗೆ.

ಅಕ್ಕನಿಗೂ ತಾನು ಏನೆಂದೆನೆಂದು ಆಮೇಲೆ ಹೊಳೆಯಿತು. ಬಾಯಿ ಮುಚ್ಚಿಕೊಂಡಳು. ಕೈ ಮಾತ್ರ ನಿಲ್ಲಲಿಲ್ಲ. ಆಗಲೇ ಬಂದೂಕಿನ ಮೇಲಿತ್ತು.

ಎರಡೂ ಸ್ಕ್ರೂಗಳನ್ನು ಪೂರ್ತಿ ಬಿಚ್ಚಿದಳು. ಬಟ್ಟೆಯ ತುದಿಯಿಂದ ಒಂದೊಂದರ ಸುರುಳಿ ಗೆರೆಯನ್ನೂ ಒರೆಸಿದಳು. ಮರದ ತೂತುಗಳಿಗೆ ಬಾಯಲ್ಲಿ ಊದಿದಳು. ನೆಲದ ಮೇಲೆ ಮಡಚಿದ ಕಂಬಳಿ ಹಾಸಿ, ಬಂದೂಕಿನ ಹಿಂಬದಿ ಅದರ ಮೇಲೆ ಕೂರುವಂತೆ, ನಳಿಗೆ ಸೂರಿನ ಕಡೆ ನೆಟ್ಟಗೆ ನಿಲ್ಲಿಸಿದಳು.

"ಯಾಕೆ ನಿಲ್ಲಿಸೋದು?" ಎಂದು ಕೇಳಿದರು ದಫೇದಾರರು, ತಾವು ಸಾಕ್ಷಿ ಎನ್ನುವುದನ್ನೇ ಮರೆತು.

"ಕಬ್ಬಿಣ ತನ್ನ ಭಾರಕ್ಕೆ ತಾನೇ ಹಿಂದಕ್ಕೆ ಸರಿದು ಮರದ ಗೂಡಲ್ಲಿ ಕೂರಬೇಕು ಅಣ್ಣಾ. ಗುಂಡು ಹಾರಿದಾಗ ಅದು ಒದೆಯೋದು ಹಿಂದಕ್ಕೆ. ಮೊದಲೇ ಅಲ್ಲಿ ಕೂತಿದ್ರೆ ಆಮೇಲೆ ಅಲ್ಲಾಡಲ್ಲ." ಅಂಗೈಯಿಂದ ನಳಿಗೆಯ ಬಾಯಿಯನ್ನು ಕೆಳಕ್ಕೆ ಮೆಲ್ಲಗೆ ಒತ್ತಿದಳು, ಮಗುವನ್ನು ಕುರ್ಚಿಯಲ್ಲಿ ಸರಿಯಾಗಿ ಕೂರಿಸಿದ ಹಾಗೆ. "ಈಗ ಎರಡನ್ನೂ ಬೆರಳಲ್ಲಿ. ಬರೀ ಬೆರಳಲ್ಲಿ. ನಿಂತಲ್ಲಿ ನಿಲ್ಲಿಸಿಬಿಡಬೇಕು."

ಆಮೇಲೆ ಡ್ರಾಯರಿನಿಂದ ಟಾರ್ಕ್ ವ್ರೆಂಚ್ ತೆಗೆದಳು. ಹೇಳಿದಷ್ಟು ಬಿಗಿಯಾದ ಕೂಡಲೇ ಟಕ್ ಎಂದು ತಿಳಿಸುವ ಸಾಧನ. ಅದಕ್ಕೆ ಹಾಕಿದ ತುದಿ ಸ್ಕ್ರೂ ಸೀಳಿನಲ್ಲಿ ಸ್ವಲ್ಪವೂ ಸಂದಿಲ್ಲದೆ ಕೂತಿತು. ಅಪ್ಪನೇ ಅರದಿಂದ ತಿಕ್ಕಿ ಮಾಡಿದ ತುದಿ ಅದು.

"ಮುಂದಿನದು ಸ್ವಲ್ಪ. ಹಿಂದಿನದು ಸ್ವಲ್ಪ. ಮತ್ತೆ ಮುಂದಿನದು. ಒಂದನ್ನೇ ಬಿಗಿದುಬಿಟ್ರೆ ಇನ್ನೊಂದು ಕಡೆ ಎದ್ದುಕೊಳ್ಳುತ್ತೆ, ಕಬ್ಬಿಣ ಬಾಗುತ್ತೆ. ಬಾಗಿದ್ದು ಕಣ್ಣಿಗೆ ಕಾಣಲ್ಲ. ಗುರಿಹಾಳೆಗೆ ಕಾಣುತ್ತೆ."

ಟಕ್. ಮುಂದಿನದು.

ಟಕ್. ಹಿಂದಿನದು.

"ಅಷ್ಟೇ. ಇದರ ಮೇಲೆ ಒಂದು ಕೂದಲೆಳೆ ಹೆಚ್ಚು ತಿರುಗಿಸಿದ್ರೂ ಮರ ಒಳಗೇ ನಜ್ಜಾಗುತ್ತೆ. ನಾಳೆ ಅದೇ ಸಡಿಲ ಆಗುತ್ತೆ." ಗುಂಡು ತುಂಬುವ ಬೋಲ್ಟನ್ನು ಹಿಂದೆ ಮುಂದೆ ಎರಡು ಸಲ ಎಳೆದಳು, ಬೆಣ್ಣೆಯಲ್ಲಿ ಚಾಕು ಆಡಿದಂತೆ ಆಡಿತು. ಕೊನೆಗೆ ಉಗುರುಬಣ್ಣದ ಸಣ್ಣ ಸೀಸೆ ತೆಗೆದು, ಸ್ಕ್ರೂ ತಲೆಯಿಂದ ಪಕ್ಕದ ಲೋಹದ ಮೇಲಕ್ಕೆ ಹಾಯುವಂತೆ ಒಂದು ಕೆಂಪು ಗೆರೆ ಎಳೆದಳು. "ಇದು ಒಡೆದಿದ್ರೆ ಸ್ಕ್ರೂ ತಿರುಗಿದೆ ಅಂತ ಅರ್ಥ."

ಹೇಳುತ್ತ ಹೇಳುತ್ತ ಅವಳ ಮುಖದ ಬಿಗುವೇ ಇಳಿದುಹೋಗಿತ್ತು. ಕತ್ತಿನ ಹಿಂದೆ ಬೆವರು. ಕೂದಲಲ್ಲಿ ಬಿಳಿ ಎಷ್ಟೊಂದು ಸೇರಿಕೊಂಡಿತ್ತು! ಇದನ್ನೆಲ್ಲ ನೋಡದೆ ಕಳೆದುಹೋದ ವರ್ಷಗಳು ಇನ್ಸ್‌ಪೆಕ್ಟರಿಗೆ ಒಮ್ಮೆಲೇ ಎದೆಗೆ ಬಂದು ಕೂತವು. ಇನ್ನು ಹತ್ತು ನಿಮಿಷ ಹೀಗೇ ನೋಡುತ್ತ ನಿಲ್ಲಬಹುದಾಗಿದ್ದರೆ, ಎನಿಸಿತು. ಹೊರಗೆ ಹುಲ್ಲಿನ ಮೇಲೆ ನೀರು ಚಿಮ್ಮಿಸುವ ಯಂತ್ರ ತಿರುಗುತ್ತಿತ್ತು. ಗಂಟೆ ನಾಲ್ಕಾಗುತ್ತಿತ್ತು.

"ಇಂಥ ಕೈ ಹಿಂದಿನ ಸ್ಕ್ರೂ ಸಡಿಲ ಬಿಟ್ಟು ಎದ್ದು ಹೋಗಲ್ಲ," ಎಂದಳು.

ಅಕ್ಕ ಸೀಸೆಯ ಮುಚ್ಚಳ ತಿರುಗಿಸುತ್ತಿದ್ದಳು. ತಿರುಗಿಸುತ್ತಲೇ ಇದ್ದಳು.

"ಮನುಷ್ಯರು. ಮರೀತಾರೆ."

"ಮೂರು ಸುತ್ತು ಮರೀತಾರಾ? ಸರಿ, ಹಾಗೇ ಇಟ್ಕೋ. ಸಡಿಲ ಬಂದೂಕಲ್ಲಿ ನಾಲ್ಕು ಗುಂಡು ಹೊಡೆದ್ರೆ ಹಾಳೆಯಲ್ಲಿ ಎಷ್ಟು ಅಗಲಕ್ಕೆ ಬೀಳುತ್ತೆ?"

ಅಕ್ಕ ಸೀಸೆಯನ್ನು ಡ್ರಾಯರಿಗೆ ಹಾಕಿದಳು.

"ಒಂದು ಗೇಣು? ಎರಡು? ಪುಟ್ಟಿಯ ನಾಲ್ಕು ಗುಂಡು ಒಂದು ಟೀ ಲೋಟದ ಬಾಯಿಯೊಳಗೆ ಬಿದ್ದಿವೆ. ಭಾವ ನಿಂತಿದ್ದ ಮೆಟ್ಟಿಲು ಗುರಿಯಿಂದ ಹನ್ನೊಂದು ಅಡಿ ಎಡಕ್ಕೆ. ಯಾವ ಸ್ಕ್ರೂ ಸಡಿಲವಾದ್ರೂ ಗುಂಡು ಹನ್ನೊಂದು ಅಡಿ ಅಲೆಯಲ್ಲ. ಪ್ರಯೋಗಾಲಯದವರಿಗೆ ಅದು ಗೊತ್ತಿಲ್ಲ, ಅವರು ಸ್ಕ್ರೂ ಸಡಿಲ ಇದೆ ಅಂತಷ್ಟೇ ಬರೆದ್ರು. ನಿನಗೆ ಗೊತ್ತು. ನನಗೂ ಗೊತ್ತು ಅನ್ನೋದನ್ನ ನೀನು ಮರೆತುಬಿಟ್ಟೆ."

"ದಫೇದಾರರೇ," ಎಂದಳು ಅಕ್ಕ, "ಮೇಡಂಗೆ ಟೀ..."

"ಅವರನ್ನ ಬಿಡು. ನನ್ನ ಜೊತೆ ಮಾತಾಡು. ಸ್ಕ್ರೂ ಸಡಿಲವಾದದ್ದು ಐದು ಗುಂಡೂ ಹಾರಿದ ಮೇಲೆ. ಸೀಳಿನ ಅಂಚಿನಲ್ಲಿ ಒಂದು ಗೀಚೂ ಇರಲಿಲ್ಲ ಅಂತ ಫೋಟೋದಲ್ಲಿದೆ. ಅವಸರದಲ್ಲಿ ಯಾರಾದ್ರೂ ಸಿಕ್ಕಿದ ಸ್ಕ್ರೂಡ್ರೈವರ್ ಹಾಕಿದ್ರೆ ಅಂಚು ಕಿತ್ತುಹೋಗ್ತಿತ್ತು, ಈಗ ನಾನು ಹಾಕಿದಾಗ ಆಯ್ತಲ್ಲ, ಹಾಗೆ. ಬಿಚ್ಚಿದ್ದು ಅಪ್ಪ ಮಾಡಿದ ತುದಿ. ಅದು ಯಾರ ಡ್ರಾಯರಿನಲ್ಲಿದೆ?"

ಅಕ್ಕ ಕೈಯಲ್ಲಿದ್ದ ವ್ರೆಂಚನ್ನು ನೋಡಿದಳು. ಅದನ್ನು ತೆಗೆದುಕೊಟ್ಟವಳೂ ತಾನೇ.

"ಹೌದು ಕಣೇ," ಎಂದಳು. "ನಾನೇ ಬಿಚ್ಚಿದ್ದು."

ದಫೇದಾರರು ಬರೆಯಲಿಲ್ಲ. ಕೆಳಗೆ ಬಿದ್ದ ಪೆನ್ನನ್ನು ಅವರು ಇನ್ನೂ ಎತ್ತಿಕೊಂಡಿರಲಿಲ್ಲ.

"ಎಲ್ಲರೂ ಕಂದಕದ ಕಡೆ ಓಡಿದ್ರು. ಪುಟ್ಟಿಯೂ ಓಡಿದಳು. ಬಂದೂಕು ಚಾಪೆಯ ಮೇಲೆ ಬಿದ್ದಿತ್ತು. ನಾನು ಕೂತೆ. ಬಿಚ್ಚಿದೆ. ಎದ್ದು ಓಡಿದೆ. ನಲವತ್ತು ಸೆಕೆಂಡು. ಅಲ್ಲಿ ನನ್ನ ಗಂಡ ರಕ್ತದಲ್ಲಿ ಬಿದ್ದಿದ್ದಾನೆ, ಇಲ್ಲಿ ನಾನು ಸ್ಕ್ರೂ ಬಿಚ್ಚುತ್ತಾ ಕೂತಿದ್ದೀನಿ. ಆ ನಲವತ್ತು ಸೆಕೆಂಡು ತಡವಾಗಿ ಹೋಗಿದ್ದಕ್ಕೇ ಅವರಿಗೆ ಪ್ರಜ್ಞೆ ಬರ್ತಿಲ್ಲವೇನೋ ಅಂತ ಆಸ್ಪತ್ರೆ ಬೆಂಚಿನ ಮೇಲೆ ಕೂತು ಎಣಿಸ್ತಾ ಇರ್ತೀನಿ."

"ಪುಟ್ಟಿಗೋಸ್ಕರ."

"ಇನ್ಯಾರಿಗೆ?" ಅಕ್ಕ ಸ್ಟೂಲಿನ ಮೇಲೆ ಕುಸಿದಳು. "ಹಿಂದಿನ ದಿನ ಮನೆಯಲ್ಲಿ ದೊಡ್ಡ ಜಗಳ. ತರಬೇತಿ ಶಿಬಿರದಿಂದ ಅವಳಿಗೆ ಕರೆ ಬಂದು ಎರಡು ತಿಂಗಳಾಗಿತ್ತು. ಇವರು ಆ ಕಾಗದವನ್ನ ಬಚ್ಚಿಟ್ಟಿದ್ರು. ಅದು ಅವಳ ಕೈಗೆ ಸಿಕ್ಕಿತು. ಯಾಕಪ್ಪಾ ಅಂತ ಕೇಳಿದ್ರೆ, ನೀನು ಹೋದ್ರೆ ಮನೆಯಲ್ಲಿ ಯಾರ ಹೆಜ್ಜೆ ಸದ್ದು ಕೇಳ್ಕೊಂಡು ನಿದ್ದೆ ಮಾಡಲಿ ಅಂದ್ರು. ಅವಳಿಗೆ ಅದು ಅರ್ಥವಾಗೋ ವಯಸ್ಸಾ? ಹತ್ತೊಂಬತ್ತು. ನೀನು ಸತ್ರೂ ನಾನು ಅಳಲ್ಲ ಅಂದುಬಿಟ್ಟಳು. ಬೆಳಿಗ್ಗೆ ಎದ್ದು ಮಾತಿಲ್ಲದೆ ಬಂದು ಬಂದೂಕು ಹಿಡಿದು ಮಲಗಿದಳು. ಐದನೇ ಸದ್ದು. ಇವರು ಬಿದ್ರು."

"ನೀನು ಅವಳನ್ನ ಕೇಳಿದೆಯಾ?"

"ಇಲ್ಲ."

"ಆರು ದಿನ ಆಯ್ತು."

"ಕೇಳಿ, ಹೌದಮ್ಮ ಅಂದುಬಿಟ್ರೆ?" ಅಕ್ಕನ ದನಿ ಒಡೆಯಿತು. "ಅವಳೂ ನನ್ನ ಜೊತೆ ಮಾತಾಡ್ತಿಲ್ಲ. ಆಸ್ಪತ್ರೆ ವರಾಂಡದ ಆ ತುದಿಗೆ ಅವಳು, ಈ ತುದಿಗೆ ನಾನು. ನಮ್ಮ ಮನೆ ಹೆಂಗಸರಿಗೆ ಮಾತು ಬಿಡೋದು ಮಾತ್ರ ಚೆನ್ನಾಗಿ ಬರುತ್ತೆ."

ಇನ್ಸ್‌ಪೆಕ್ಟರಿಗೆ ಅವಳ ಕೈ ಹಿಡಿಯಬೇಕೆನಿಸಿತು. ಸಮವಸ್ತ್ರದ ತೋಳು ಅಲ್ಲೇ ನಿಂತಿತು. ಅದರ ಬದಲು ಕಡತ ತೆಗೆದು, ಪ್ಲಾಸ್ಟಿಕ್ ಹೊದಿಕೆಯಲ್ಲಿದ್ದ ಗುರಿಹಾಳೆಯನ್ನು ಹೊರಗೆಳೆದು ಮೇಜಿನ ಮೇಲೆ ಬಿಡಿಸಿದಳು.

"ಇದನ್ನ ನೋಡಿದೆಯಾ?"

"ಬೇಡ."

"ಮೇಸ್ತ್ರಿಯಾಗಿ ನೋಡು. ನೀನು ಬಿಗಿದ ಬಂದೂಕು ಹೊಡೆದದ್ದು."

ಅಕ್ಕ ಕಣ್ಣು ಮುಚ್ಚಿಕೊಂಡೇ ಹಾಳೆ ಎಳೆದುಕೊಂಡಳು. ಅಪ್ಪ ಇಬ್ಬರಿಗೂ ಹಾಗೇ ಕಲಿಸಿದ್ದ: ಮುಂದಿನಿಂದ ನೋಡಬೇಡಿ, ಹಿಂದಿನಿಂದ ಮುಟ್ಟಿ, ಗುಂಡು ಹಾಳೆಯನ್ನು ಸೀಳಿ ಹೋದ ಕಡೆ ಕಾಗದ ಹೂವಿನ ಎಸಳಿನ ಹಾಗೆ ಎದ್ದಿರುತ್ತದೆ, ಅದು ಸುಳ್ಳು ಹೇಳುವುದಿಲ್ಲ. ಅವಳ ಬೆರಳು ಒಂದು ತೂತಿನ ಎಸಳು ಎಣಿಸಿತು. ಎರಡನೆಯದು. ಮೂರನೆಯದು.

ನಾಲ್ಕನೆಯದರ ಮೇಲೆ ನಿಂತಿತು.

ಮತ್ತೆ ಸುತ್ತು ಬಂತು. ಮತ್ತೆ ನಿಂತಿತು.

"ದೀಪ ಹಚ್ಚೇ," ಎಂದಳು. "ಆ ಬಗ್ಗಿಸೋ ದೀಪ. ಭೂತಗನ್ನಡಿ ಎಲ್ಲಿ? ನಿನ್ನ ಮೊಣಕೈ ಹತ್ತಿರ ಇದೆ, ಕೊಡು."

ಇಬ್ಬರೂ ಬಗ್ಗಿದರು. ಇಬ್ಬರ ಹಣೆಯ ನಡುವೆ ಒಂದು ಬೆರಳಿನ ಅಂತರ. ಗುಂಡು ಹೋದ ತೂತಿನ ಅಂಚಿಗೆ ಮಸಿಯ ಉಂಗುರ ಉಳಿಯುತ್ತದೆ. ಮೂರು ತೂತುಗಳಿಗೆ ಒಂದೊಂದು ಉಂಗುರ. ನಾಲ್ಕನೆಯದರಲ್ಲಿ ಒಂದರ ಮೇಲೊಂದು ಅರ್ಧ ಜಾರಿ ಕೂತ ಎರಡು ಉಂಗುರ, ಎಂಟರ ಅಂಕಿಯನ್ನು ಒತ್ತಿ ಹತ್ತಿರ ತಂದ ಹಾಗೆ.

ಅಕ್ಕ ಗುಂಡಿನ ಗಾತ್ರದ ಹಿತ್ತಾಳೆ ಅಳತೆಕಡ್ಡಿಯನ್ನು ಅದರಲ್ಲಿ ಇಳಿಸಿದಳು. ಒಂದು ಕಡೆ ಸಂದು ಉಳಿಯಿತು. ಆಚೆಗೆ ಸರಿಸಿದಳು. ಈ ಕಡೆ ಸಂದು.

"ಐದು," ಎಂದಳು. "ಐದೂ ಇಲ್ಲೇ ಇವೆ ಕಣೇ. ಎರಡು ಒಂದೇ ತೂತಲ್ಲಿ ಹೋಗಿವೆ."

"ನೀನು ಅಷ್ಟು ಬಿಗಿಯಾಗಿ ಕೂರಿಸಿದ್ದಕ್ಕೆ ಹೋಗಿವೆ."

"ಪುಟ್ಟಿ ಗುರಿಗೇ ಹೊಡೆದಿದ್ದಾಳೆ. ಐದೂ ಗುರಿಗೇ." ಅಕ್ಕ ನಗಲು ಹೋದಳು. ನಗು ಅರ್ಧಕ್ಕೆ ಬೇರೆ ಏನೋ ಆಯಿತು. "ನನ್ನ ಮಗಳು ಹೊಡೆದಿಲ್ಲ. ನಾನು ಹೆತ್ತ ಮಗು, ನಾನು ಆರು ದಿನದಿಂದ ಅವಳನ್ನ... ಅಯ್ಯೋ, ನಾನೆಂಥ ತಾಯಿ ಕಣೇ!"

ಈ ಸಲ ಸಮವಸ್ತ್ರದ ತೋಳು ನಿಲ್ಲಲಿಲ್ಲ. ಅಕ್ಕನ ತಲೆ ತಂಗಿಯ ಹೊಟ್ಟೆಗೆ ಒರಗಿತು. ಬೆಲ್ಟಿನ ಬಕಲ್ ಕೆನ್ನೆಗೆ ಒತ್ತುತ್ತಿದ್ದರೂ ಅವಳು ಸರಿಯಲಿಲ್ಲ. ದಫೇದಾರರು ಹೊರಗಿನ ಹುಲ್ಲನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಅಕ್ಕ," ಎಂದಳು ಇನ್ಸ್‌ಪೆಕ್ಟರ್. ಸುಮ್ಮನೆ, ಹೇಳಿ ನೋಡಲೆಂದು.

"ಹೂಂ."

"ಏನಿಲ್ಲ."

"ಮೂಳೆ ಚಕ್ಕಳ ಆಗಿದ್ದೀಯ. ಅಲ್ಲಿ ಊಟ ಹಾಕೋರು ಯಾರೂ ಇಲ್ಲವಾ?"

"ನೀನು ಬಂದೂಕು ಬಿಚ್ಚಿದ್ದು ಅಪರಾಧ. ಅದನ್ನ ನಾನು ಬರೀಲೇಬೇಕು."

"ಬರಿ. ನೀನು ಬರೀದೇ ಇದ್ರೆ ನನ್ನ ತಂಗಿನೇ ಅಲ್ಲ." ಅಕ್ಕ ಮೂಗು ಒರೆಸಿಕೊಂಡು ನೆಟ್ಟಗೆ ಕೂತಳು. "ಆದ್ರೆ ಇವರಿಗೆ ಹೊಡೆದವರು ಯಾರು?"

ಹೌದು. ಐದೂ ಗುಂಡು ಹಾಳೆಯಲ್ಲಿದ್ದರೆ ಭಾವನ ಭುಜ ಸೀಳಿದ್ದು ಆರನೆಯದು. ಇನ್ನೊಂದು ಬಂದೂಕು, ಪುಟ್ಟಿಯ ಐದನೆಯ ಸದ್ದಿನೊಳಗೆ ತನ್ನ ಸದ್ದು ಅಡಗಿಸಿಕೊಂಡದ್ದು. ಆ ದಿನ ಪ್ರತಿಧ್ವನಿ ಯಾಕೋ ಉದ್ದವಾಗಿತ್ತು ಎಂದು ಕಾರ್ಯದರ್ಶಿ ಹೇಳಿಕೆ ಕೊಟ್ಟದ್ದು ಕಡತದ ಹನ್ನೆರಡನೆಯ ಪುಟದಲ್ಲಿತ್ತು. ಇನ್ಸ್‌ಪೆಕ್ಟರ್ ಅದನ್ನು ವಯಸ್ಸಾದವರ ಮಾತು ಎಂದು ದಾಟಿಬಿಟ್ಟಿದ್ದಳು.

"ಇನ್ನೊಂದು ಪ್ರಶ್ನೆ ಇದೆ," ಎಂದಳು. "ಗುಂಡು ಹೊಡೀತಿದ್ದಾರೆ ಅಂತ ಕೆಂಪು ಬಾವುಟ ಹಾರ್ತಿರೋವಾಗ ಭಾವ ಕಂದಕದಿಂದ ಮೇಲೆ ಯಾಕೆ ಬಂದ್ರು?"

"ಅದೇ ನನಗೂ ತಲೆ ಕೆಟ್ಟಿದೆ. ಎಂಟು ವರ್ಷದಲ್ಲಿ ಒಂದು ದಿನ ಬಂದವರಲ್ಲ. ಬಾವುಟ ಇಳಿಯದೆ ತಲೆ ಎತ್ತಲ್ಲ ಅವರು."

"ಕಂದಕದಲ್ಲಿ ಫೋನಿದೆ."

"ಇದೆ. ಕ್ಲಬ್ಬಿನ ಒಳಗಷ್ಟೇ ಮಾತಾಡೋ ಲೈನು. ಗುಂಡು ಹೊಡೆಯೋ ಕಡೆ ಒಂದು ಫೋನು, ಅದು ನನ್ನ ಕಣ್ಣೆದುರೇ ಇತ್ತು, ಯಾರೂ ಮುಟ್ಟಲಿಲ್ಲ. ಇನ್ನೊಂದು ಇರೋದು ಗೇಟಿನ ಕಾವಲು ಕೋಣೆಯಲ್ಲಿ. ಏಳು ಗಂಟೆಗೆ ಕಾವಲಿನವನು ಟೀ ಕುಡಿಯೋಕೆ ಹೋಗಿರ್ತಾನೆ. ಬಾಗಿಲು ಹಾಕಲ್ಲ."

ದಫೇದಾರರ ಮೊಬೈಲ್ ಹೊಡೆದುಕೊಂಡಿತು. ಅವರು ಕಿವಿಗಿಟ್ಟರು. "ಹೌದು... ಯಾವಾಗ?... ಮಾತಾಡಿದ್ರಾ?" ಬಗ್ಗಿ ಪೆನ್ನು ಎತ್ತಿಕೊಂಡು, ನೋಟುಬುಕ್ಕನ್ನು ಗೋಡೆಗೆ ಒತ್ತಿ ಬರೆಯತೊಡಗಿದರು. ಎರಡು ಸಾಲು ಬರೆದು ನಿಲ್ಲಿಸಿದರು. "ಇನ್ನೊಂದು ಸಲ ಹೇಳು," ಎಂದರು ಫೋನಿಗೆ. ಮತ್ತೆ ಬರೆದರು.

ಅಕ್ಕ ಎದ್ದು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಬದುಕಿದ್ದಾರಮ್ಮ," ಎಂದರು ದಫೇದಾರರು ಮೊದಲು. "ಕಣ್ಣು ಬಿಟ್ಟಿದ್ದಾರೆ. ಮಗಳ ಕೈ ಹಿಡ್ಕೊಂಡಿದ್ದಾರಂತೆ."

ಅಕ್ಕ ಮೇಜು ಹಿಡಿದುಕೊಂಡಳು.

ದಫೇದಾರರು ಇನ್ಸ್‌ಪೆಕ್ಟರ್ ಕಡೆ ತಿರುಗಿದರು. ಇಷ್ಟು ವರ್ಷದಲ್ಲಿ ಅವಳು ಕಾಣದ ಒಂದು ಸಂಕೋಚ ಅವರ ಮುಖದಲ್ಲಿತ್ತು.

"ಮೇಡಂ, ಹೇಳಿಕೆ ಕೊಟ್ಟಿದ್ದಾರೆ. ಸ್ವಲ್ಪ ಹೊರಗೆ ಬರ್ತೀರಾ?"

"ಇಲ್ಲೇ ಓದಿ."

"ಮೇಡಂ..."

"ಓದಿ."

ಅವರು ನೋಟುಬುಕ್ಕನ್ನು ಕಣ್ಣಿನಿಂದ ದೂರ ಹಿಡಿದರು. "'ಕಂದಕದ ಫೋನ್ ಬಂತು. ಹೆಂಗಸಿನ ದನಿ. ಭಾವಾ, ನಾನು ಬಂದಿದ್ದೀನಿ, ಅಕ್ಕನಿಗೆ ಹೇಳಬೇಡಿ, ನೀವೊಬ್ಬರೇ ಮೇಲೆ ಬನ್ನಿ ಅಂತು. ಸಂತೋಷದಲ್ಲಿ ಬಾವುಟ ನೋಡದೇ ಹತ್ತಿಬಿಟ್ಟೆ. ಅವಳು ಬರಲಿ ಅಂತ ನಾನೇ ಕಾಗದ ಬರೆದಿದ್ದೆ. ಅಕ್ಕ ತಂಗಿಯರನ್ನ ಒಂದು ಮಾಡೋಣ ಅಂತ ಆ ದಿನ ಬೆಳಿಗ್ಗೆ ಏಳೂಕಾಲಿಗೆ ಬರಹೇಳಿದ್ದೆ.' ಅಷ್ಟೇ ಹೇಳಿ ಮತ್ತೆ ನಿದ್ದೆಗೆ ಜಾರಿದ್ರಂತೆ."

ಹೊರಗೆ ನೀರಿನ ಯಂತ್ರ ನಿಂತಿತು.

ಅಕ್ಕ ನಿಧಾನವಾಗಿ ತಂಗಿಯ ಕಡೆ ತಿರುಗಿದಳು.

"ಕಾಗದ ಬಂದಿತ್ತಾ ನಿನಗೆ?"

"ಬಂದಿತ್ತು."

"ಫೋನ್ ಮಾಡಿದ್ದು ನೀನಾ?"

"ಅಲ್ಲ. ನಿನ್ನಾಣೆ ನಾನಲ್ಲ ಅಕ್ಕ."

"ಕಾಗದದ ವಿಷಯ ಇನ್ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ. ನಾನು ಯಾರಿಗೂ ಹೇಳಲಿಲ್ಲ."

ದಫೇದಾರರು ನೋಟುಬುಕ್ಕಿನ ಹೊಸ ಪುಟ ತೆರೆದರು. ತೆರೆದದ್ದಕ್ಕೆ ತಾವೇ ನಾಚಿದವರಂತೆ ತಲೆ ತಗ್ಗಿಸಿದರು. ಆದರೆ ಮುಚ್ಚಲಿಲ್ಲ.

"ಆ ದಿನ ಏಳೂಕಾಲಿಗೆ ಎಲ್ಲಿದ್ದೆ ನೀನು?" ಎಂದು ಕೇಳಿದಳು ಅಕ್ಕ.

ಮನೆಯಲ್ಲಿದ್ದೆ ಎನ್ನಬಹುದಿತ್ತು. ಮನೆಯಲ್ಲಿ ಅವಳೊಬ್ಬಳೇ, ಅಲ್ಲ ಎನ್ನಲು ಯಾರೂ ಇರಲಿಲ್ಲ. ಇನ್ಸ್‌ಪೆಕ್ಟರ್ ಅಕ್ಕನ ಮುಖವನ್ನೇ ನೋಡಿದಳು.

"ಗೇಟಿನ ಹೊರಗೆ," ಎಂದಳು. "ಕಾರಿನಲ್ಲಿ ಕೂತಿದ್ದೆ, ಇಳಿಯೋಕೆ ಧೈರ್ಯ ಬರಲಿಲ್ಲ. ಕಾವಲು ಕೋಣೆಯಿಂದ ಹತ್ತು ಹೆಜ್ಜೆ ದೂರದಲ್ಲಿ."